ಐದೂವರೆ ಮನೆ ಶ್ರುತಿ ಮತ್ತು ಲ್ಯೂಟಿನ ಕುದುರೆ

ಲ್ಯೂಟ್ ಎಂಬ ವಾದ್ಯ ಸಿಡಿಯಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಹೇಳಿದ್ದರೋ ಏನೋ. ಆ ದಿನ ನಾನು ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಕಾರ್‌ಬರೋದ ಕೊನೆಯ ಸ್ಟಾಪಿನಲ್ಲಿ ಕಣ್ಣು ಬಿಟ್ಟಿರಬೇಕು.

ಲ್ಯೂಟ್ ನೋಡದವರಿಗಾಗಿ ಹೇಳುತ್ತೇನೆ. ಒಂದು ಕಲ್ಲಂಗಡಿ ಹಣ್ಣನ್ನು ಉದ್ದಕ್ಕೆ ಸೀಳಿ, ಅರ್ಧ ಹೋಳಿಗೆ ಮರದ ಮುಚ್ಚಳ ಹಾಕಿ, ಅದಕ್ಕೊಂದು ಕತ್ತು ಅಂಟಿಸಿ, ಆ ಕತ್ತಿನ ತುದಿಯನ್ನು ಸಿಟ್ಟಿನಿಂದ ಹಿಂದಕ್ಕೆ ಮುರಿದುಬಿಟ್ಟರೆ ಲ್ಯೂಟ್ ಆಗುತ್ತದೆ. ನಾಲ್ಕೈದು ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಪ್ರೀತಿಯಲ್ಲಿ ಸೋತವರೆಲ್ಲ ಇದನ್ನು ತೊಡೆಯ ಮೇಲಿಟ್ಟುಕೊಂಡು ಹಾಡುತ್ತಿದ್ದರು. ನಾನು ಓದಿದ್ದು ಗಿಟಾರು. ಕೊನೆಯ ವರ್ಷ ಲ್ಯೂಟಿನದೊಂದು ಕೋರ್ಸು ತೆಗೆದುಕೊಂಡಿದ್ದೆ. ಸಂಗೀತದ ಮೇಲಿನ ಭಕ್ತಿಯಿಂದಲ್ಲ, ಆ ಕ್ಲಾಸು ಮಧ್ಯಾಹ್ನ ಊಟದ ನಂತರ ಇತ್ತು ಎಂಬ ಕಾರಣಕ್ಕೆ. ಅದೊಂದೇ ಕೋರ್ಸಿನ ಬಲದಿಂದ ನಾನು ಟೊರಾಂಟೋ ಸುತ್ತಮುತ್ತಲ ಕನ್ನಡಿಗರ ನಡುವೆ ಲ್ಯೂಟ್ ವಿದ್ವಾಂಸನಾದೆ. ಬೇರೆ ಅಭ್ಯರ್ಥಿಗಳಿರಲಿಲ್ಲ.

ವಾರವಿಡೀ ನಾನು ವುಡ್‌ಬ್ರಿಡ್ಜಿನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದೆ. ಶನಿವಾರ ಮಕ್ಕಳಿಗೆ ಗಿಟಾರ್ ಪಾಠ. ನಮ್ಮಮ್ಮ ಮಾತ್ರ ತುಳು ಕೂಟಗಳಲ್ಲಿ ಈ ಸ್ಟಿಕ್ಕರಿನ ವಿಷಯ ಎತ್ತುತ್ತಿರಲಿಲ್ಲ. "ನಮ್ಮವ ಹಳೇ ಯುರೋಪಿನ ಹಾಡುಗಳನ್ನು ಅರೇಂಜ್ ಮಾಡುದು" ಎನ್ನುತ್ತಿದ್ದಳು. ಮಾತು ಕೂಟದಿಂದ ಕೂಟಕ್ಕೆ ಹಾರಿ ದೊಡ್ಡ ಮನೆಗಳವರ ಊರು ಕ್ಲೈನ್‌ಬರ್ಗ್ ತಲುಪಿತು. 2017ರ ಚಳಿಗಾಲದಲ್ಲಿ ಒಂದು ಫೋನ್ ಬಂತು.

"ಏನಯ್ಯಾ, ನೀನು ಹಳೇ ಹಾಡುಗಳನ್ನ ಲ್ಯೂಟಿಗೆ ಕೂರಿಸ್ತೀಯಂತೆ?"

"ಹೌದು ಅಂಕಲ್, ಮಾಡ್ತೇನೆ."

ಸುಳ್ಳೇನಲ್ಲ. ಒಂದು ಹಾಡು ಕೂರಿಸಿದ್ದೆ. ಅದಕ್ಕೆ ಸಿಕ್ಕ ಗ್ರೇಡನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೋನ್ ಮಾಡಿದವರು ನಿವೃತ್ತ ಮೂಳೆ ಡಾಕ್ಟರು. ಮೈಸೂರಿನವರು, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇಲ್ಲಿಗೆ ಬಂದವರು. ಜೀವನವಿಡೀ ಇತರರ ಮೂಳೆ ಜೋಡಿಸಿ, ನಿವೃತ್ತರಾದ ಮೇಲೆ ಒಂದು ಲ್ಯೂಟ್ ಮಾಡಿಸಿಕೊಂಡು ಬೇಸ್‌ಮೆಂಟಿನಲ್ಲಿ ಕೂತು ಕಲಿಯುತ್ತಿದ್ದರು. ಅವರ ಹೆಂಡತಿ ಧಾರವಾಡದ ಕಡೆಯವರು. ಇಲ್ಲಿನ ಕನ್ನಡದ ಯಾವ ಸಮಾರಂಭವೂ ಅವರ ದೇವರನಾಮವಿಲ್ಲದೆ ಶುರುವಾಗುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆ ಫೋನಿಗೆ ಎರಡು ವರ್ಷ ಮೊದಲು ಅವರಿಗೆ ಗಂಟಲಿನಲ್ಲಿ ಥೈರಾಯ್ಡ್ ಆಪರೇಷನ್ ಆಗಿತ್ತು. ಆಮೇಲೆ ಅವರು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮೊದಲ ದಿನ ಹೋದಾಗ ಆಂಟಿ ಬಾಗಿಲು ತೆಗೆದರು. ಮಾತು ಪಿಸುಮಾತು. ಮಲಗಿದ ಮಗುವನ್ನು ಎಬ್ಬಿಸಬಾರದೆಂದು ಮಾತಾಡುತ್ತಾರಲ್ಲ, ಹಾಗೆ.

"ಬಾ ತಮ್ಮಾ, ಒಳಗ ಬಾ. ಶೂ ಅಲ್ಲೇ ಬಿಡು. ರೊಟ್ಟಿ ತಿಂತೀಯಿಲ್ಲೋ?"

ಹಾಲಿನ ಮೂಲೆಯಲ್ಲಿ ಒಂದು ತಂಬೂರಿ ನಿಂತಿತ್ತು. ಹಳೇ ಇಳಕಲ್ ಸೀರೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿದ್ದರು. ನಾನು ಮೊದಲು ಯಾರೋ ನೆಂಟರೆಂದುಕೊಂಡು ನಮಸ್ಕಾರ ಮಾಡಹೋಗಿದ್ದೆ.

"ಅದನ್ನ ಗುಡಿಯ ಸಂಗೀತ ಕ್ಲಾಸಿಗೆ ಕೊಡಾಕಂತ ಕಟ್ಟಿಟ್ಟೀನಿ," ಎಂದರು ಆಂಟಿ. "ಇವ್ರು ಕೇಳವಲ್ರು. ಕಡೀಕೊಮ್ಮೆ ಹಾಡು ಅಂತಾರ. ಆತು, ವಸಂತ ಬರಲಿ, ಈ ಹಾಲಿನ್ಯಾಗ ನಾಲ್ಕು ಮಂದಿ ಮುಂದ ಕೂತು ಇವ್ರ ಲ್ಯೂಟಿನ ಜೋಡಿ ಆ ಯುರೋಪಿನ ಹಾಡು ಹಾಡ್ತೀನಿ. ದನಿ ಬಂತಂದ್ರ ತಂಬೂರಿ ಇಟ್ಕೋತೀನಿ. ಬರಲಿಲ್ಲಂದ್ರ ಮರುದಿನ ಗುಡಿಗೆ ಕೊಟ್ಟು ಕೈ ತೊಳಕೋತೀನಿ. ಆಮ್ಯಾಲ ಯಾರೂ ನನಗ ಹಾಡಂತ ಕೇಳಬಾರ್ದು."

"ಆದರೆ ಆಂಟಿ, ಯುರೋಪಿಯನ್ ಹಾಡು ಯಾಕೆ? ದೇವರನಾಮ ಹಾಡಬಹುದಲ್ಲ?"

ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. ಸರಿಯಾಗೇ ನೋಡಿದರು. "ದೇವರನಾಮ ಎಲ್ಲಾರಿಗೂ ಗೊತ್ತದ. ನಾ ಮೊದಲ ಹೆಂಗ ಹಾಡ್ತಿದ್ದೆ ಅನ್ನೂದೂ ಗೊತ್ತದ. ಈ ನಿಮ್ಮ ಹಾಡು ಯಾರಪ್ಪನಿಗೂ ಗೊತ್ತಿಲ್ಲ. ತಪ್ಪಿದ್ರ ಯಾವ ಮಹಾರಾಯ ಕಂಡುಹಿಡೀತಾನ?"

ಈಗ ನಾನು ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. "ನಿಮ್ಮ ಶ್ರುತಿ ಎಷ್ಟು ಆಂಟಿ?"

"ಐದೂವರೆ ಮನಿ," ಎಂದರು, ಹುಟ್ಟಿದೂರು ಹೇಳುವಷ್ಟು ಸಲೀಸಾಗಿ.

ಹಾರ್ಮೋನಿಯಂನ ಬಿಳಿ ಮನೆಗಳನ್ನು, ಅಂದರೆ ಕೀಗಳನ್ನು, ಎಣಿಸಿ ನಮ್ಮವರು ಶ್ರುತಿ ಹೇಳುತ್ತಾರೆ; ಅರ್ಧವೆಂದರೆ ಅದರ ಮುಂದಿನ ಕರಿ ಮನೆ, ಅಂಕಿ ಹೆಚ್ಚಿದಷ್ಟೂ ದನಿ ಎತ್ತರ. ಒಂದು, ಎರಡು ಗಂಡಸರದು. ಐದು, ಐದೂವರೆ ಹೆಂಗಸರದು. ಒಮ್ಮೆ ಗುರುಗಳು ನಿನ್ನದಿಷ್ಟು ಎಂದರೆ ಅದು ಸಾಯುವ ತನಕ ರೇಷನ್ ಕಾರ್ಡಿನಲ್ಲಿ ಬರೆದ ಹಾಗೆ. ನನ್ನ ವಿಶ್ವವಿದ್ಯಾಲಯದ ಮೇಷ್ಟ್ರಾಗಿದ್ದರೆ "ಆ ಎನ್ನಿ, ಮೇಲೆ ಹೋಗಿ, ಕೆಳಗೆ ಬನ್ನಿ" ಎಂದು ಹಾಡಿಸಿ ನೋಡಿಯೇ ಬರೆಯಲು ಕೂರುತ್ತಿದ್ದರು. ಆದರೆ ನನ್ನಮ್ಮನಿಗಿಂತ ಹಿರಿಯರು, ತಟ್ಟೆಗೆ ಮೂರನೇ ರೊಟ್ಟಿ ಹಾಕುತ್ತಿರುವವರು, ಅವರಿಗೆ "ಎಲ್ಲಿ ಹಾಡಿ, ಚೆಕ್ ಮಾಡ್ತೇನೆ" ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಗುಂಡಿಯ ಮೇಲೆ ಹುಲ್ಲು ಮುಚ್ಚಿದ್ದು ಮರ್ಯಾದೆ, ಬಿದ್ದವನು ನಾನು.

ಸ್ಕಾರ್‌ಬರೋದ ನಮ್ಮ ಬೇಸ್‌ಮೆಂಟಿನಲ್ಲಿ ಕೂತು ಕೆಲಸ ಶುರು ಮಾಡಿದೆ. ಆ ಕಾಲದ ಹಾಡುಗಳನ್ನು ಹೆಚ್ಚಾಗಿ ನಾಲ್ಕು ಕಂಠಗಳಿಗೆ ಬರೆದಿರುತ್ತಾರೆ. ಅರೇಂಜ್ ಮಾಡುವುದೆಂದರೆ ಮೇಲಿನ ಒಂದು ಕಂಠವನ್ನು ಹಾಡುವವರಿಗೆ ಕೊಟ್ಟು, ಉಳಿದ ಮೂರನ್ನು ಒಂದೇ ಲ್ಯೂಟಿನ ತಂತಿಗಳಲ್ಲಿ ಇಳಿಸುವುದು. ಒಂದು ಬೇಸ್‌ಮೆಂಟಿನಲ್ಲಿ ಮೂರು ಸಂಸಾರ ಬಾಡಿಗೆಗಿಟ್ಟ ಹಾಗೆ. ಎಲ್ಲರಿಗೂ ಜಾಗ ಸಾಲುವುದಿಲ್ಲ, ಯಾರಾದರೊಬ್ಬರು ಬಾತ್‌ರೂಮಿನ ಹೊರಗೆ ಕಾಯುತ್ತಿರಲೇಬೇಕು. ಕುರಿ ಕಾಯುವ ಹುಡುಗಿಯ ಒಂದು ಫ್ರೆಂಚ್ ಹಾಡು, ನಲ್ಲ ಹಡಗು ಹತ್ತಿ ಹೋದನೆಂಬ ಒಂದು ಇಂಗ್ಲಿಷ್ ಹಾಡು, ಅರ್ಥವೇ ಆಗದಷ್ಟು ದುಃಖದ ಒಂದು ಇಟಾಲಿಯನ್ ಹಾಡು. ಎಲ್ಲವನ್ನೂ ಭಕ್ತಿಯಿಂದ ಐದೂವರೆ ಮನೆಗೆ ಎತ್ತಿ ಬರೆದೆ.

ಡಾಕ್ಟರು ಮೊದಲ ಹಾಡನ್ನು ನುಡಿಸಿ ಎಡಗೈಯನ್ನು ಗಾಳಿಯಲ್ಲಿ ಒದರಿದರು.

"ಇದೇನಯ್ಯಾ ಇದು? ಹಾಡೋ, ಇಲ್ಲಾ ನನಗೆ ಪೇಷಂಟ್ ಸಾಲ್ದು ಅಂತ ನನ್ನನ್ನೇ ಪೇಷಂಟ್ ಮಾಡೋ ಪ್ಲ್ಯಾನೋ?"

ಹಾಳೆ ನೋಡಿದೆ. ತಪ್ಪು ಕಂಡಿತು. ಲ್ಯೂಟಿನಲ್ಲಿ ಒತ್ತದೆ ಬಿಟ್ಟು ಮೀಟುವ ಖಾಲಿ ತಂತಿಗಳೇ ಉಸಿರು. ಐದೂವರೆ ಮನೆಯಲ್ಲಿ ಬರೆದರೆ ಒಂದು ಖಾಲಿ ತಂತಿಯೂ ಕೆಲಸಕ್ಕೆ ಬರುವುದಿಲ್ಲ. ಬೆರಳನ್ನು ಅಡ್ಡಕ್ಕೆ ಮಲಗಿಸಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುತ್ತಲೇ ಇರಬೇಕು. ಎಪ್ಪತ್ತು ದಾಟಿದ ಬೆರಳುಗಳಿಗೆ ನಾನು ಜಿಮ್ ಮೆಂಬರ್‌ಶಿಪ್ ಕೊಟ್ಟಿದ್ದೆ.

ಬುದ್ಧಿ ಇದ್ದವನು ಮನೆಗೆ ಹೋಗಿ ಮತ್ತೆ ಬರೆಯುತ್ತಿದ್ದ. ನನಗೆ ಸೋಮಾರಿತನವಿತ್ತು, ಅದು ಆ ಕ್ಷಣ ಪಾಂಡಿತ್ಯದ ವೇಷ ಹಾಕಿಕೊಂಡು ಬಂತು.

"ಅಂಕಲ್, ಹಳೇ ಕಾಲದವರು ಮೇಲಿನ ತಂತಿಯನ್ನು ಇನ್ನೇನು ತುಂಡಾಗ್ತದೆ ಅನ್ನುವವರೆಗೆ ಬಿಗೀತಿದ್ದರಂತೆ. ನಾವು ಇಡೀ ಲ್ಯೂಟನ್ನೇ ಅರ್ಧ ಮನೆ ಮೇಲೆ ಎಳೆದರೆ ಆಯ್ತು. ಆಮೇಲೆ ನೀವು ಐದು ಮನೆಯದರ ಹಾಗೆ ಸುಲಭವಾಗಿ ನುಡಿಸಿ, ಕೇಳಲಿಕ್ಕೆ ಐದೂವರೆ ಬರ್ತದೆ."

"ಏನೂ ಆಗಲ್ಲ ತಾನೆ?"

"ಏನೂ ಆಗುದಿಲ್ಲ ಅಂಕಲ್."

ಇಷ್ಟೆಲ್ಲದರ ನಡುವೆ ಆಂಟಿ ಒಮ್ಮೆಯೂ ಹಾಡಿರಲಿಲ್ಲ. ಒಂದು ವಾರ ನೆಗಡಿ. ಒಂದು ವಾರ "ನೀವ್ ಮೊದಲ ಕಲೀರಿ". ಇನ್ನೊಂದು ವಾರ ಹಿಟ್ಟು ನಾದುವುದಿತ್ತು. ಆದರೂ ನಮ್ಮ ಎದುರಿನ ಸೋಫಾದಲ್ಲಿ ಹಾಳೆ ಹಿಡಿದು ಕೂತು, ತುಟಿ ಅಲ್ಲಾಡಿಸುತ್ತ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಮೂರೂ ಭಾಷೆಗಳ ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿದ್ದರು. ಹಾಗಾಗಿ ನನಗೆ ಅನುಮಾನ ಬರಲಿಲ್ಲ.

ಲ್ಯೂಟ್ ಬಿಗಿದ ದಿನ ಹೊರಗೆ ಮೈನಸ್ ಇಪ್ಪತ್ತರ ಚಳಿ. ಒಳಗೆ ಹೀಟರ್ ಉರಿದು ಗಾಳಿ ಹಪ್ಪಳದಂತೆ ಒಣಗಿತ್ತು, ಮರದ ಬಾಗಿಲುಗಳೇ ಚಟಚಟ ಎನ್ನುತ್ತಿದ್ದವು. ನಾನು ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿದೆ. ಲ್ಯೂಟನ್ನು ಕುರ್ಚಿಯ ಮೇಲೆ ಮಲಗಿಸಿ, ಏನೋ ಸಾಧಿಸಿದವನಂತೆ ಕೈ ತೊಳೆದು ಊಟಕ್ಕೆ ಕೂತೆ.

ಎಣ್ಣೆಗಾಯಿ ಬಡಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಕೋವಿ ಹಾರಿಸಿದಂತೆ ಢಂ ಎಂದಿತು.

ಅದರ ಹಿಂದೆಯೇ ಯಾರೋ ಕೂಗಿದರು. ಅಗಲವಾದ, ಎದೆಯ ಬುಡದಿಂದ ಎದ್ದ, ಬಾವಿಯೊಳಗಿಂದ ಬಂದಂಥ ಕೂಗು. "ಅಯ್ಯೋ ಶಿವನೇ!"

ಡಾಕ್ಟರು ಹೆದರಿ ಕೂಗಿದರು ಎಂದುಕೊಂಡು ಅವರತ್ತ ನೋಡಿದೆ. ಡಾಕ್ಟರರ ಬಾಯಿ ತುಂಬ ಬದನೆಕಾಯಿ. ಅವರು ಹೆಂಡತಿಯನ್ನು ನೋಡುತ್ತಿದ್ದರು. ಆಂಟಿಯ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಇನ್ನೊಂದು ಕೈ ಬಾಯಿಯ ಮೇಲಿತ್ತು, ಹಾರಿಹೋದದ್ದನ್ನು ಹಿಡಿಯಲು ಒಂದು ಕ್ಷಣ ತಡವಾದ ಹಾಗೆ.

ನಾನು ಜೀವನದಲ್ಲಿ ಹಲವು ದಡ್ಡ ಮಾತುಗಳನ್ನು ಆಡಿದ್ದೇನೆ. ಅವೆಲ್ಲದಕ್ಕೂ ಕಿರೀಟ ಇಡುವಂತೆ ಆಗ ಕೇಳಿದೆ: "ಆಂಟಿ, ಅದು ನಿಮ್ಮ ಸ್ವರವಾ?"

ಅವರು ಸೌಟನ್ನು ಪಾತ್ರೆಯೊಳಗಿಟ್ಟರು. ಮೆಟ್ಟಿಲು ಹತ್ತಿ ಹೋದರು. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿತು.

ನಾವಿಬ್ಬರು ಪಕ್ಕದ ಕೋಣೆಗೆ ಓಡಿದೆವು. ತಂತಿಗಳ ಕೆಳತುದಿಯನ್ನು ಕಟ್ಟುವ ಮರದ ಪಟ್ಟಿ ಇರುತ್ತದಲ್ಲ, ವೀಣೆಯವರು ಕುದುರೆ ಎನ್ನುತ್ತಾರೆ, ಅದು ಲ್ಯೂಟಿನ ಎದೆಯಿಂದ ಕಿತ್ತು ಹಾರಿತ್ತು. ಬರೀ ಹಾರಲಿಲ್ಲ, ಎಲ್ಲ ತಂತಿಗಳನ್ನೂ ಹಗ್ಗದಂತೆ ಎಳೆದುಕೊಂಡು ಹೋಗಿ ಕತ್ತಿಗೆ ಸುತ್ತಿಕೊಂಡಿತ್ತು. ಅದು ಇದ್ದ ಜಾಗದಲ್ಲಿ ಮರದ ಚಕ್ಕೆ ಎದ್ದಿತ್ತು. ನಾನು ಕಾರ್ಪೆಟ್ಟಿನ ಮೇಲೆ ಬಿದ್ದ ಚೂರುಗಳನ್ನು ಹೆಕ್ಕತೊಡಗಿದೆ.

ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಗಾಯದ ಸುತ್ತ ಬೆರಳಾಡಿಸಿದರು. "ಕ್ಲೀನ್ ಫ್ರ್ಯಾಕ್ಚರ್," ಎಂದರು.

"ಅಂಕಲ್, ಸಾರಿ, ನಾನು..."

"ಕೂಡುತ್ತೆ ಬಿಡು." ಆದರೆ ಅವರ ಕಣ್ಣು ಲ್ಯೂಟಿನ ಮೇಲಿರಲಿಲ್ಲ, ಮೆಟ್ಟಿಲಿನ ಕಡೆಗಿತ್ತು. "ಎರಡು ವರ್ಷದಿಂದ ಮನೇಲಿ ಪಿಸುಪಿಸು ಅಂತಾಳೆ ಕಣಯ್ಯಾ. ವೀಕ್‌ನೆಸ್ ಅಂದ್ಕೊಂಡಿದ್ದೆ. ನಾನು ಡಾಕ್ಟ್ರು ಬೇರೆ." ನನ್ನತ್ತ ತಿರುಗಿ ಕೇಳಿದರು: "ನಿನಗೆ ಕೇಳಿಸ್ತಲ್ಲ? ಒಂದು ಚೂರಾದರೂ ಒಡಕಿತ್ತಾ ಆ ದನೀಲಿ?"

ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಬೆಚ್ಚಿಸಿದ್ದು. ಸ್ವರ ಹೋಗಿರಲಿಲ್ಲ, ಇಳಿದಿತ್ತು. ಗಂಡಸಿನಷ್ಟು ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ಯಾರಿಗೂ ತಿಳಿಯಬಾರದೆಂದು ಅವರು ಎರಡು ವರ್ಷ ಪಿಸುಗುಟ್ಟಿಕೊಂಡೇ ಬದುಕಿದ್ದರು. ಐದೂವರೆ ಎಂದಾಗ ಅವರು ಹೇಳಿದ್ದು ಇದ್ದ ಶ್ರುತಿಯನ್ನಲ್ಲ, ಬಿಡಲಾರದ ಶ್ರುತಿಯನ್ನು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮೀನು ಹುರಿಯುವುದನ್ನು ಅರ್ಧಕ್ಕೆ ಬಿಟ್ಟಳು.

"ನಿನಗೆ ಮಂಡೆ ಸಮ ಉಂಟಾ? ಹೆಂಗಸರ ಹತ್ರ ಅದು ನಿಮ್ಮ ಸ್ವರವಾ ಅಂತ ಕೇಳುದಾ? ಅದೂ ಅವರ ಮನೆ ಊಟ ಮಾಡ್ತಾ ಇರುವಾಗ?"

"ಬಾಯಿಂದ ಬಂದುಹೋಯ್ತು ಅಮ್ಮ."

"ನಿನ್ನ ಬಾಯಿಗೆ ಆ ಗೋದಾಮಿನ ಸ್ಟಿಕ್ಕರೇ ಅಂಟಿಸಬೇಕು. ಈಗ ಎಂತ ಮಾಡ್ತಿ? ಅವರು ತಂಬೂರಿ ಕೊಟ್ರೆ ಅದರ ಪಾಪ ನಮಗೆ."

ಎಂತ ಮಾಡುವುದೆಂದು ನನಗೂ ತಿಳಿದಿರಲಿಲ್ಲ. ಮರುದಿನ ಗೋದಾಮಿಗೆ ಹೋಗುವ ಬಸ್ಸಿನಲ್ಲಿ ಆ ಕೂಗು ತಲೆಯೊಳಗೆ ಸುತ್ತುತ್ತಲೇ ಇತ್ತು. ಅದರ ಎತ್ತರ ಹಿಡಿಯೋಣವೆಂದು ಮೆಲ್ಲಗೆ "ಅಯ್ಯೋ ಶಿವನೇ" ಎಂದು ಗುನುಗಿದೆ. ಮತ್ತೆ ಗುನುಗಿದೆ. ಪಕ್ಕದ ಸರ್ದಾರ್ಜಿ "ಬೇಟಾ, ಸಬ್ ಠೀಕ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಸೀಟಿಗೆ ಹೋದರು. ಸಂಜೆ ಗಿಟಾರು ಹಿಡಿದು ಹುಡುಕಿದೆ. ಕೂಗಿದ ಸ್ವರವೇ ಅವರ ಹಾಡಿನ ಆಧಾರ ಸ್ವರವಾದ ಷಡ್ಜವಾಗಬೇಕೆಂದೇನಿಲ್ಲ, ಆದರೆ ಬೀದಿ ಸಿಕ್ಕಿದರೆ ಮನೆ ಹುಡುಕುವುದು ಕಷ್ಟವಲ್ಲ. ಎರಡು ಮನೆಯ ಸುತ್ತಮುತ್ತ.

ವಾರ ಕಳೆದು ಡಾಕ್ಟರು ಫೋನ್ ಮಾಡಿದರು. ಲ್ಯೂಟಿನ ಕುದುರೆಯನ್ನು ಮತ್ತೆ ಅಂಟಿಸಿದ್ದಾಗಿತ್ತು. ಆದರೆ ರಿಪೇರಿ ಮಾಡಿದವನು ಕಟ್ಟಪ್ಪಣೆ ಮಾಡಿದ್ದ: ಬೇಸಿಗೆ ಬರುವ ತನಕ ತಂತಿಗಳನ್ನು ತುಂಬ ಕೆಳಗೆ ಇಳಿಸಿಯೇ ಇಟ್ಟಿರಬೇಕು.

"ಹಾಗಾದರೆ ಕೆಳಗೇ ಬರೀತೇನೆ ಅಂಕಲ್," ಎಂದೆ. ಅದು ಲ್ಯೂಟಿಗಾಗಿ ಮಾತ್ರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಬರಿ," ಎಂದರು. "ನಾವಿಬ್ಬರೇ ನುಡಿಸ್ತಾ ಇರೋಣ. ಹಾಡೋಕೆ ಬಾ ಅಂತ ಅವಳನ್ನ ಕರೆಯೋದು ಬೇಡ."

ಹಾಡುಗಳನ್ನೆಲ್ಲ ಹೊಸದಾಗಿ ಬರೆದೆ. ಈ ಸಲ ಸೋಮಾರಿತನಕ್ಕೆ ಧೈರ್ಯ ಬರಲಿಲ್ಲ. ಹಾಡುವ ಕಂಠ ಕೆಳಗಿಳಿದದ್ದರಿಂದ ಲ್ಯೂಟಿನ ಮೂರು ಸಂಸಾರಗಳನ್ನೂ ಜಾಗ ಬದಲಿಸಿ ಕೂರಿಸಬೇಕಾಯಿತು. ಆಂಟಿಯ ಸ್ವರದ ಮೇಲೆ ಯಾವ ತಂತಿಯೂ ಕಾಲಿಡದಂತೆ ಒಂದನ್ನು ಮೇಲಕ್ಕೆ ಕಳಿಸಿದೆ, ಒಂದನ್ನು ತೀರ ಕೆಳಗೆ. ನಡುವಿನದನ್ನು ಅನೇಕ ಕಡೆ ಮನೆಯಿಂದಲೇ ಹೊರಹಾಕಿದೆ. ಖಾಲಿ ಬಿಟ್ಟ ಆ ಜಾಗ ಹಾಳೆಯ ಮೇಲೆ ಬೋಳುಬೋಳಾಗಿ ಕಂಡಿತು. ಮೇಷ್ಟ್ರು ನೋಡಿದ್ದರೆ ಏನು ಗ್ರೇಡ್ ಕೊಡುತ್ತಿದ್ದರೋ!

ಮುಂದಿನ ಭಾನುವಾರ ಹೋದಾಗ ಬಾಗಿಲು ತೆಗೆದದ್ದು ಡಾಕ್ಟರು. ಆಂಟಿ ಅಡುಗೆಮನೆಯಲ್ಲಿದ್ದರು, ಹೊರಗೆ ಬರಲಿಲ್ಲ. ರೊಟ್ಟಿ ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಡಾಕ್ಟರು ಹಡಗಿನ ಹಾಡನ್ನು ನುಡಿಸಿದರು. ಬೆರಳುಗಳು ಸಲೀಸಾಗಿ ಓಡಿದವು. ಹಾಡಿನ ಸಾಲು ಬರಬೇಕಾದಲ್ಲಿ ಏನೂ ಬರಲಿಲ್ಲ. ಲ್ಯೂಟ್ ಒಂದೇ, ಎದುರಿಗೆ ಯಾರೂ ಇಲ್ಲದ ಕುರ್ಚಿಯ ಜೊತೆ ಮಾತಾಡಿದ ಹಾಗೆ. ಎರಡನೇ ಸಲ ನುಡಿಸಿದಾಗ ರೊಟ್ಟಿಯ ಸದ್ದು ನಿಂತಿತು.

ಆಂಟಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಅದೇ ಪಿಸುಮಾತು. "ಇಷ್ಟ್ಯಾಕ ಕೆಳಗ ಹಿಡದೀರಿ?"

ನನ್ನ ಬಾಯನ್ನು ನಾನೇ ನಂಬದೆ ಡಾಕ್ಟರರತ್ತ ನೋಡಿದೆ.

"ಲ್ಯೂಟಿಗೆ ಆಪರೇಷನ್ ಆಗಿದೆಯಲ್ಲ," ಎಂದರು ಡಾಕ್ಟರು, ತಂತಿಗಳನ್ನೇ ನೋಡುತ್ತ. "ಮೇಲೆ ಎಳೆಯೋ ಹಾಗಿಲ್ಲ ಅಂದಿದ್ದಾನೆ. ಕೆಳಗಿದ್ರೇನೇ ಚೆನ್ನಾಗಿ ನುಡಿಯುತ್ತೆ ಇದು ಈಗ."

ಆಂಟಿ ನಿಧಾನವಾಗಿ ಕೈಯ ಹಿಟ್ಟನ್ನು ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿದರು. "ಆ ಕಡೆ ತಿರುಗಿ ಕೂಡು ತಮ್ಮಾ. ನನ್ನ ಮಾರಿ ನೋಡಬ್ಯಾಡ."

ತಿರುಗಿ ಕೂತೆ. ಕಿಟಕಿಯ ಹೊರಗೆ ಪಕ್ಕದ ಮನೆಯವರು ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದರು. ಬೆನ್ನ ಹಿಂದೆ ಹಾಡು ಶುರುವಾಯಿತು. ಮೊದಲ ಸಾಲು ನಡುಗಿತು, ಎರಡನೆಯದು ಕಾಲೂರಿತು. ನಾನು ತಂತಿಗಳನ್ನು ಹೊರಹಾಕಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಆ ಸ್ವರ ಬಂದು, ತನ್ನ ಮನೆಯೆಂಬಂತೆ ಕೂತಿತು. ಹಿಮ ತೆಗೆಯುತ್ತಿದ್ದವರು ತಲೆ ಎತ್ತಿ ನಮ್ಮ ಕಿಟಕಿಯನ್ನು ನೋಡಿದಂತಿತ್ತು. ಅಥವಾ ನಾನು ಬಾಯಿ ತೆರೆದು ನೋಡುತ್ತಿದ್ದುದನ್ನೇ ಅವರು ನೋಡಿರಬಹುದು.

ವಸಂತ ಬಂತು. ಹಾಲಿನ ತುಂಬ ನಿವೃತ್ತ ಡಾಕ್ಟರುಗಳು, ಎಂಜಿನಿಯರುಗಳು, ಅವರ ಹೆಂಡತಿಯರು. ನಮ್ಮಮ್ಮ ಮುಂದಿನ ಸಾಲಿನಲ್ಲೇ ಕೂತು, ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಸನ್ನೆ ಮಾಡುತ್ತಿದ್ದಳು. ನನ್ನ ಕೆಲಸ ಹಾಳೆ ತಿರುಗಿಸುವುದಷ್ಟೇ. ಯಾರಾದರೂ ಶ್ರುತಿ ಯಾಕೆ ಕೆಳಗೆ ಎಂದು ಕೇಳಿದರೆ ಲ್ಯೂಟಿನ ಆಪರೇಷನ್ ಕತೆ ಹೇಳುವುದೆಂದು ನಾನೂ ಡಾಕ್ಟರೂ ಮಾತಾಡಿಕೊಂಡಿದ್ದೆವು.

ಆಂಟಿ ಹಡಗಿನ ಹಾಡಿನಿಂದ ಶುರು ಮಾಡಿದರು. ಮೊದಲ ಸಾಲಿಗೇ ಹಾಲಿನ ಗದ್ದಲ ಗಕ್ಕೆಂದು ನಿಂತಿತು. ಹಿಂದೆ ಕೂತಿದ್ದ ಒಬ್ಬ ಅಜ್ಜ, ಹಾಡುತ್ತಿರುವುದು ಡಾಕ್ಟರೇನೋ ಎಂದು ಕತ್ತು ಉದ್ದ ಮಾಡಿ ಅವರ ತುಟಿಯನ್ನೇ ನೋಡಿದರು. ಒಬ್ಬರ ಕೈಯಲ್ಲಿ ಉಪ್ಪಿಟ್ಟಿನ ಚಮಚ ಬಾಯಿಯ ಹತ್ತಿರ ಬಂದು ಅಲ್ಲೇ ಉಳಿಯಿತು. ಹಾಡು ಮುಗಿದಾಗ ಚಪ್ಪಾಳೆ ಬರಲಿಲ್ಲ. ನಾನು ಲ್ಯೂಟಿನ ಕುದುರೆಯತ್ತ ನೋಡಿದೆ, ಅದು ತನ್ನ ಜಾಗದಲ್ಲೇ ಇತ್ತು.

ಎಷ್ಟೋ ವರ್ಷ ಆಂಟಿಯ ಜೊತೆ ಹಾಡಿದ್ದ ಗೆಳತಿಯೊಬ್ಬರು ಮುಂದಿನ ಸಾಲಿನಿಂದ ಕೇಳಿದರು. ನಮ್ಮವರು ಕೇಳಿಯೇ ಕೇಳುತ್ತಾರೆ. "ಎಷ್ಟ್ ಮನೇರೀ ಇದು ಶ್ರುತಿ?"

ಡಾಕ್ಟರು ಗಂಟಲು ಸರಿ ಮಾಡಿಕೊಂಡರು. "ಅದೇನಂದ್ರೆ, ನಮ್ಮ ಲ್ಯೂಟಿಗೆ ಒಂದು ಸಣ್ಣ..."

"ಎರಡು ಮನಿ," ಎಂದರು ಆಂಟಿ. ಪಿಸುಮಾತಲ್ಲ. ಹಾಡಿದ ಅದೇ ಸ್ವರ, ಹಾಲಿನ ಕೊನೆಯ ಗೋಡೆಗೆ ತಾಗುವಂತೆ. "ಲ್ಯೂಟಿಗೇನೂ ಆಗಿಲ್ಲ. ನನ್ನ ಶ್ರುತೀನ ಈಗ ಎರಡು ಮನಿ."

ಗೆಳತಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದು ಕೂತರು. ಆಮೇಲೆ, "ಹಂಗಾರೆ ಇನ್ನೊಂದು ಹಾಡ್ರೀ," ಎಂದರು. ಚಪ್ಪಾಳೆ ಆಗ ಬಂತು. ಗಾಬರಿಯಲ್ಲಿ ನಾನು ಎರಡು ಹಾಳೆ ಒಟ್ಟಿಗೆ ತಿರುಗಿಸಿದ್ದರಿಂದ, ಇಬ್ಬರೂ ಕುರಿಯ ಹುಡುಗಿಯನ್ನು ಬಿಟ್ಟು ನೇರ ಇಟಾಲಿಯನ್ ದುಃಖಕ್ಕೆ ಹೋದರು. ಆಂಟಿ ಹೇಳಿದ್ದು ನಿಜ, ಯಾವ ಮಹಾರಾಯನಿಗೂ ಗೊತ್ತಾಗಲಿಲ್ಲ.

ಎಲ್ಲರೂ ಹೋದ ಮೇಲೆ ಆಂಟಿ ಮೂಲೆಗೆ ಹೋಗಿ ತಂಬೂರಿಗೆ ಸುತ್ತಿದ ಸೀರೆ ಬಿಚ್ಚತೊಡಗಿದರು. ಸಹಾಯ ಮಾಡೋಣವೆಂದು ನಾನು ಎದ್ದೆ.

"ನೀ ಕೂಡು," ಎಂದರು. "ಬಿರಡೆ ಮಾತ್ರ ಮುಟ್ಟಬ್ಯಾಡ."

ತಾವೇ ಕೂತು ಒಂದೊಂದೇ ತಂತಿಯನ್ನು ಕೆಳಗಿಳಿಸಿದರು. ಎರಡು ಮನೆಗೆ ಬರುವಷ್ಟರಲ್ಲಿ ತಂತಿಗಳು ಸಡಿಲಾಗಿ ಗೊರಗೊರ ಎಂದವು. ಆಂಟಿ ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದರು.

"ಏನ್ರೀ," ಎಂದು ಗಂಡನನ್ನು ಕರೆದರು. "ನಾಳೆ ದಪ್ಪನ್ನ ತಂತಿ ತರಸ್ರಿ."